ಯೀಸ್ಟ್‌ನಲ್ಲಿ ಕಂಡದ್ದು ಮನುಷ್ಯನಿಗೆ ಹೇಗೆ ಹೊಂದುತ್ತದೆ?

ಬೀದರಿನಿಂದ ಬರೆದಿದ್ದೀರಿ: ಬ್ರೆಡ್ಡು ಉಬ್ಬಿಸುವ ಯೀಸ್ಟ್‌ನಲ್ಲಿ ವಂಶವಾಹಿಯ ನಕಲು ಹೇಗಾಗುತ್ತದೆ ಎಂದು ತಿಳಿದರೆ ಮನುಷ್ಯನ ಬಗ್ಗೆ ಏನು ತಿಳಿದಂತಾಯಿತು ಎಂದು. ಕಲಬುರಗಿಯ ನನ್ನ ತರಗತಿಯಲ್ಲೂ ವರ್ಷಕ್ಕೊಬ್ಬರಾದರೂ ಇದನ್ನು ಕೇಳುತ್ತಾರೆ. ಕೇಳದವರ ಬಗ್ಗೆಯೇ ನನಗೆ ಚಿಂತೆ.

ನಮ್ಮೂರಿನ ಬೇಳೆ ಗಿರಣಿಗಳನ್ನು ನೋಡಿ. ತೊಗರಿಯ ಸಿಪ್ಪೆ ಬಿಡಿಸುವ ಯಂತ್ರ ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ಯಾವಾಗ, ಎಷ್ಟು ಹೊತ್ತು ಓಡಿಸಬೇಕೆಂಬುದು ಮಾಲೀಕನಿಗೆ ಬಿಟ್ಟದ್ದು. ಡಿಎನ್‌ಎಯಿಂದ ಆರ್‌ಎನ್‌ಎ ನಕಲು ತೆಗೆಯುವ ಆರ್‌ಎನ್‌ಎ ಪಾಲಿಮರೇಸ್ 2 ಅಂಥ ಯಂತ್ರ. ಯೀಸ್ಟ್‌ನಲ್ಲೂ ನಮ್ಮಲ್ಲೂ ಅದಕ್ಕೆ 12 ಬಿಡಿಭಾಗಗಳು. ಬಾಲದಲ್ಲಿ ಏಳು ಅಮೈನೋ ಆಮ್ಲಗಳ ಒಂದು ಸಾಲು ಮತ್ತೆ ಮತ್ತೆ ಬರುತ್ತದೆ: ಯೀಸ್ಟ್‌ನಲ್ಲಿ ಸುಮಾರು 26 ಸಲ, ನಮ್ಮಲ್ಲಿ 52. ರೋಜರ್ ಕಾರ್ನ್‌ಬರ್ಗ್ ಅವರಿಗೆ 2006ರ ರಸಾಯನಶಾಸ್ತ್ರ ನೊಬೆಲ್ ತಂದುಕೊಟ್ಟ ರಚನೆಯೂ ಯೀಸ್ಟ್‌ನ ಪಾಲಿಮರೇಸಿನದೇ.

ಆದರೆ ನನಗೆ ಅಚ್ಚುಮೆಚ್ಚಿನ ಉದಾಹರಣೆ ಟಿಬಿಪಿ. ನಕಲಿನ ಕೆಲಸ ಶುರುವಾಗಲು ಬೇಕಾದ, ಕುದುರೆಯ ಬೆನ್ನಿನ ಮೇಲಿನ ಜೀನಿನಂತೆ ಡಿಎನ್‌ಎ ಮೇಲೆ ಕುಳಿತು ಅದನ್ನು ಬಗ್ಗಿಸುವ ಪ್ರೋಟೀನು ಇದು. ಅದರ ತಿರುಳು ಭಾಗ ಎರಡೂ ಜೀವಿಗಳಲ್ಲಿ ಶೇ. 80ರಷ್ಟು ಒಂದೇ, ಉಳಿದ ತುದಿಭಾಗಕ್ಕೆ ಮಾತ್ರ ಹೋಲಿಕೆಯೇ ಇಲ್ಲ. ಪ್ರನಾಳದಲ್ಲಿ ಸಸ್ತನಿ ಜೀವಕೋಶದ ಸಾಮಗ್ರಿಯೊಂದಿಗೆ ಯೀಸ್ಟ್‌ನ ಟಿಬಿಪಿ ಹಾಕಿದರೆ ನಕಲಿನ ಕೆಲಸ ಶುರುವಾಗುತ್ತದೆ. ಜೀವಂತ ಯೀಸ್ಟ್‌ನಲ್ಲಿ ಅದರದನ್ನು ತೆಗೆದು ಮನುಷ್ಯನ ಟಿಬಿಪಿ ಇಟ್ಟು ನೋಡಿದಾಗ ಯೀಸ್ಟ್ ಬೆಳೆಯಲಿಲ್ಲ. ಬೇರೆಯಿದ್ದ ತುದಿಯನ್ನು ದೂರಬೇಡಿ. ತೊಡಕಿದ್ದದ್ದು ಆ ಶೇ. 80ರ ತಿರುಳಿನಲ್ಲಿಯೇ.