ಎಂಟರಲ್ಲಿ ಅಳದ ಅಳು ಈಗ ಬಂದರೆ
ಅಮ್ಮ ತೀರಿಕೊಂಡಾಗ ಎಂಟು ವರ್ಷದ ನಿಮ್ಮನ್ನು ಅಜ್ಜಿಮನೆಗೆ ಕಳಿಸಿ, 'ಅಮ್ಮ ಊರಿಗೆ ಹೋಗಿದ್ದಾಳೆ' ಎಂದರು. ಈಗ ಮಗಳಿಗೆ ಎಂಟು ತುಂಬಿದ ಮೇಲೆ ಸುಮ್ಮಸುಮ್ಮನೆ ಅಳು ಬರುತ್ತಿದೆ, ಇದು ಹುಚ್ಚೇ ಎಂದು ಕೇಳಿದ್ದೀರಿ. ಅಲ್ಲ ಮೇಡಂ. ತನ್ನ ಮಗು ಆ ವಯಸ್ಸಿಗೆ ಬಂದಾಗ ಹಳೆಯ ದುಃಖ ಮೇಲೇಳುವುದು ಆಪ್ತಸಮಾಲೋಚಕರಿಗೆ ಚಿರಪರಿಚಿತ. ಎಂಟರ ಮಗು ಎಷ್ಟು ಚಿಕ್ಕದೆಂದು ಈಗ ಕಣ್ಣಾರೆ ಕಾಣುತ್ತಿದ್ದೀರಲ್ಲ. ದೊಡ್ಡವರು ಕೇಡು ಬಯಸಿ ಮುಚ್ಚಿಡಲಿಲ್ಲ, ನಿಜ. ಆದರೂ ಸಿಟ್ಟು ಬಂದರೆ ಬರಲಿ. ಚಿಕ್ಕಮ್ಮ ಇದ್ದಾರೆ ಎಂದಿದ್ದೀರಿ, ಅವರನ್ನೇ ಕೇಳಿ: ಅಮ್ಮನಿಗೆ ಯಾವ ಕಾಯಿಲೆಯಿತ್ತು, ಕೊನೆಗೆ ನಿಮ್ಮನ್ನು ಕೇಳಿದರೇ, ಯಾವ ಅಡುಗೆ ಇಷ್ಟವಿತ್ತು. ಮಹಾಲಯ ಅಮಾವಾಸ್ಯೆಗೆ ಅದನ್ನೇ ಮಾಡಿ ಎಡೆಯಿಡಿ. ಮಗಳು ವಿಚಾರಿಸಿದರೆ, 'ನನ್ನಮ್ಮ ನೆನಪಾದಳು' ಎನ್ನಿ, ಸಾಕು. ಊಟ, ನಿದ್ದೆ ಕೆಟ್ಟಿದ್ದರೆ ಮಾತ್ರ ತಡಮಾಡದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತನಾಡಬಹುದು.