‘ಕಿವಿಯ ಚೂರಿನಲ್ಲಿ ಹಾಲಿನ ಲೆಕ್ಕ’ ಲೇಖನದ ಬಗ್ಗೆ

ಮಾನ್ಯರೆ,

ಶಿರಸಿ ಸೀಮೆಯ ಹೈನುಗಾರರಿಗಾಗಿ ನೀವು ಬರೆದ ಲೇಖನ ಈಗಿರುವ ಹಾಗೆ ಅಚ್ಚಿಗೆ ಹೋಗುವಂತಿಲ್ಲ. ಕೊಟ್ಟಿಗೆಯ ವಿವರಗಳು ಚೆನ್ನಾಗಿವೆ, ಅವನ್ನು ಮುಟ್ಟಬೇಡಿ. ಎಡವಿದ್ದು ‘ಕರುವಿನ ಕಿವಿಯ ಚೂರು ಪರೀಕ್ಷಿಸಿದರೆ ಮುಂದೆ ಎಷ್ಟು ಹಾಲೆಂದು ಗೊತ್ತಾಗುತ್ತದೆ’ ಎಂಬಲ್ಲಿ.

ಕಿವಿಯ ಚೂರಿನ ಡಿಎನ್‌ಎ ಪರೀಕ್ಷಿಸುವ ಚಿಪ್ ಹಾಲನ್ನು ಅಳೆಯುವುದಿಲ್ಲ. ಡಿಎನ್‌ಎಯ ಸಾವಿರಾರು ಗುರುತುಗಳನ್ನು ಓದುತ್ತದೆ. ಹಾಲಿನ ಅಂದಾಜಿನಲ್ಲಿ ಯಾವ ಗುರುತಿಗೆ ಎಷ್ಟು ತೂಕ ಎಂಬುದು ಹಾಲಿನ ದಾಖಲೆ, ಡಿಎನ್‌ಎ ಎರಡೂ ಇರುವ ಹಸುಗಳ ಗುಂಪಿನಿಂದ ಬರುತ್ತದೆ. 2009ರಿಂದ ಅಮೆರಿಕದಲ್ಲಿ ಹೋಲ್‌ಸ್ಟೀನ್ ತಳಿಯ ಹಸುಗಳಿಗೆ ಅಧಿಕೃತವಾಗಿ ನಡೆಯುತ್ತಿರುವ ಲೆಕ್ಕವನ್ನು ಮಲೆನಾಡು ಗಿಡ್ಡಕ್ಕೆ ಹೊಂದಿಸಲಾಗದು. ಗುರುತಿಗೂ ಜೀನಿಗೂ ಇರುವ ನಂಟು ತಳಿಯಿಂದ ತಳಿಗೆ ಬೇರೆ. ಒಂದೇ ತಳಿಯಲ್ಲೂ ತಲೆಮಾರು ಕಳೆದಂತೆ ಆ ನಂಟು ಸಡಿಲವಾಗುತ್ತದೆ. ಹೊಸ ಹಸುಗಳ ದಾಖಲೆ ಸೇರುತ್ತಲೇ ಇರಬೇಕು.

‘ಒಳ್ಳೆ ಹಾಲಿನ ಹಸುಗಳ ಮಾದರಿ ಮಾತ್ರ ತೆಗೆಯಿರಿ’ ಎಂಬ ಸಲಹೆಯನ್ನು ದಯವಿಟ್ಟು ತೆಗೆದುಹಾಕಿ. ಲೇಖನದ ಅತಿ ದೊಡ್ಡ ತಪ್ಪು ಅದೇ. ಎರಡು ಲೀಟರಿನ ಹಸುವೂ ಗುಂಪಿನಲ್ಲಿಲ್ಲದಿದ್ದರೆ ಹತ್ತು ಲೀಟರಿನದನ್ನು ಯಾವುದರ ಜೊತೆ ಹೋಲಿಸುವುದು? ಹೆಚ್ಚು ಹಿಂಡಿ ತಿಂದು ಹಾಲು ಕೊಟ್ಟದ್ದೂ ವಂಶದ ಗುಣವೆಂದು ಲೆಕ್ಕಕ್ಕೆ ಬಿದ್ದೀತು. ಆಯ್ದ ಹೋರಿಗಳಲ್ಲೇ ಅಂದಾಜಿನ ನಿಖರತೆ ಅಳೆದರೂ ಅಂಕಿ ಇಳಿಯುತ್ತದೆ. ಎಲ್ಲವೂ ಮೇಲ್ಮಟ್ಟದವಾದಾಗ ಅವುಗಳ ನಡುವಿನ ಅಂತರವೇ ಕುಗ್ಗಿರುತ್ತದೆ.

ಹೋರಿ ಕೊಡಿಸುವ ವಿಷಯಕ್ಕೆ ನೀವು ಕೊಟ್ಟದ್ದು ಒಂದೇ ಸಾಲು. ಅದು ಎರಡು ಪುಟವಾಗಬೇಕು. ಒಂದೇ ಹೋರಿಯ ಕಡ್ಡಿ (ಕೃತಕ ಗರ್ಭಧಾರಣೆಯ ವೀರ್ಯದ ನಳಿಕೆ) ಊರಿಡೀ ಬಳಕೆಯಾದರೆ ಅದರ ಹೆಣ್ಣುಕರುಗಳೆಲ್ಲ ಅಕ್ಕತಂಗಿಯರು. ಅಂದಾಜು ಆ ಕುಟುಂಬದೊಳಗೆ ಚೆನ್ನಾಗಿ ಹೊಂದುತ್ತದೆ, ಹೊರಗಿನ ಹೋರಿಯ ಕರುವಿಗೆ ಕೈಕೊಡುತ್ತದೆ. ಮೂರು ವರ್ಷದ ಮೇಲೆ ಅದೇ ಹೋರಿಯನ್ನು ಅದರ ಮಗಳಿಗೆ ಕೊಡಿಸಿದರೆ ಹುಟ್ಟುವ ಕರುವಿನ ರಕ್ತಸಂಬಂಧದ ಪ್ರಮಾಣ, ಅಂದರೆ ಜೀನಿನ ಎರಡೂ ಪ್ರತಿ ಒಂದೇ ಪೂರ್ವಜನಿಂದ ಬರುವ ಸಾಧ್ಯತೆ, 25 ಶತಾಂಶ. ತಂದೆ ಒಂದೇ ಆದ ಅಣ್ಣ-ತಂಗಿಯರ ಕರುವಿಗೆ 12.5. ಗರ್ಭ ನಿಲ್ಲದಿರುವುದು, ಕರು ಸೊರಗುವುದು ಅಲ್ಲಿಂದ ಶುರು. ಸೊಪ್ಪಿನ ಬೆಟ್ಟಕ್ಕೆ ಮೇಯಲು ಹೋಗಿ ಗಬ್ಬವಾಗಿ ಬರುವ ಗಿಡ್ಡಗಳಿಗಂತೂ ತಂದೆ ಯಾರೆಂಬುದೇ ತಿಳಿಯದು. ಅಪ್ಪನಿರಬಹುದಾದ ಹೋರಿಗಳ ಮಾದರಿಯೂ ಇದ್ದರೆ ಚಿಪ್ ತಂದೆಯನ್ನು ಪತ್ತೆಹಚ್ಚುತ್ತದೆ. ನಮ್ಮ ಓದುಗರಿಗೆ ನೇರವಾಗಿ ಉಪಯೋಗವಾಗುವ ಈ ಮಾತನ್ನೇ ನೀವು ಬಿಟ್ಟಿದ್ದೀರಿ.

ಏನು ಬರೆದಿಡಬೇಕೆಂದೂ ಹೇಳಿ: ಹಸುವಿನ ಕಿವಿಗೆ ಹಾಕಿದ ಗುರುತಿನ ಓಲೆಯ 12 ಅಂಕಿ, ಕಡ್ಡಿಯ ಮೇಲಿನ ಹೋರಿ ನಂಬರು, ಕೊಡಿಸಿದ ದಿನ, ಕರು ಹಾಕಿದ ದಿನ, ತಿಂಗಳಿಗೊಮ್ಮೆ ಬೆಳಿಗ್ಗೆ-ಸಂಜೆ ಅಳೆದ ಹಾಲು. ಹೋರಿ ನಂಬರನ್ನು ಅಲ್ಲೇ, ಆಗಲೇ ಬರೆಯಬೇಕು. ಕಡ್ಡಿ ಕಸಕ್ಕೆ ಹೋದರೆ ತಂದೆಯ ಗುರುತೂ ಅದರ ಜೊತೆಗೇ ಹೋಗುತ್ತದೆ.

ತಿದ್ದಿದ ಪ್ರತಿಯ ಜೊತೆ ನಿಮ್ಮೂರಿನ ಹತ್ತು ಹಸುಗಳ ಇಂಥ ಪಟ್ಟಿಯನ್ನೂ ಕಳಿಸಿ. ಲೇಖನದ ಪಕ್ಕದಲ್ಲೇ ಹಾಕೋಣ.