ಮನೆಯಲ್ಲಿ ಕಟ್ಟಿದ ಸೋಲಾರ್ ಪ್ಯಾನೆಲ್: ಟ್ಯಾಬ್ ಬೆಸುಗೆ ಹಿಡಿಯದಿದ್ದಾಗ

ಸರ್, ನಿಮ್ಮ ಲೆಕ್ಕ ನೋಡಿದೆ. 156 ಮಿ.ಮೀ.ನ 36 ಪಾಲಿ (ಪಾಲಿಕ್ರಿಸ್ಟಲೈನ್ ಸಿಲಿಕಾನ್) ಸೆಲ್ ಸೀರೀಸ್‌ನಲ್ಲಿ, ಲೋಡ್ ಇಲ್ಲದಾಗ 21 ವೋಲ್ಟ್, ನಡುಮಧ್ಯಾಹ್ನದ ಬಿಸಿಲಲ್ಲೂ 7 ಆಂಪಿಯರ್ ಎಳೆದರೆ 12 ವೋಲ್ಟ್, ಜೊತೆಗೆ ಮೂರ್ನಾಲ್ಕು ಟ್ಯಾಬ್ (ಸೆಲ್‌ನಿಂದ ಸೆಲ್‌ಗೆ ಬೆಸೆಯುವ ಚಪ್ಪಟೆ ತಾಮ್ರದ ರಿಬ್ಬನ್) ಕೈಗೇ ಕಿತ್ತು ಬಂದಿವೆ. ಸೆಲ್ ಕೆಟ್ಟಿವೆ ಎಂದು ಈಗಲೇ ಎಸೆಯಬೇಡಿ. ಕರೆಂಟ್ ಹರಿಯದಿದ್ದಾಗ ಎಂಥ ಕೆಟ್ಟ ಬೆಸುಗೆಯಾದರೂ ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಲೋಡ್ ಇದ್ದಾಗ 17ರ ಸುಮಾರು ಇರಬೇಕಾದದ್ದು 12 ಆಗಿದೆ ಅಂದರೆ 5 ವೋಲ್ಟ್ ನಷ್ಟ, 7 ಆಂಪಿಯರ್‌ಗೆ ಅದು ಸುಮಾರು 0.7 ಓಮ್ ಹೆಚ್ಚುವರಿ ತಡೆ. ಹತ್ತಿರ ಹತ್ತಿರ 35 ವ್ಯಾಟ್ ಸುಮ್ಮನೆ ಶಾಖವಾಗಿ ಹೋಗುತ್ತಿದೆ.

ಲೋಡ್ ಹಾಕಿಯೇ ಒಂದೊಂದು ಸೆಲ್ ಅಳೆಯಿರಿ, ಟ್ಯಾಬ್‌ನಿಂದ ಟ್ಯಾಬ್‌ಗೆ. 0.45ರಿಂದ 0.5 ವೋಲ್ಟ್ ಬಂದರೆ ಸರಿ. 0.3 ಬಂದಲ್ಲಿ ಬೆಸುಗೆ ಅನುಮಾನ. ಮೈನಸ್ ತೋರಿಸಿದರೆ ಆ ಸೆಲ್ ಬಿರುಕು ಬಿಟ್ಟಿದೆ ಇಲ್ಲವೇ ನೆರಳಲ್ಲಿದೆ, ಅದರ ಕಥೆ ಬೇರೆ.

ಕಿತ್ತು ಬಂದ ಟ್ಯಾಬ್‌ನ ಅಡಿಭಾಗ ನೋಡಿ. ಸೆಲ್ ಮೇಲಿನ ಬೆಳ್ಳಿಪಟ್ಟಿ ಹಾಗೇ ಉಳಿದಿದ್ದರೆ ಬೆಸುಗೆ ಕರಗಿ ಪಟ್ಟಿಯ ಮೇಲೆ ಹರಡಿಲ್ಲ: ಫ್ಲಕ್ಸ್ (ಬೆಸುಗೆ ಹಿಡಿಯಲೆಂದು ಮೊದಲು ಹಚ್ಚುವ ದ್ರವ) ಸಾಲದು ಅಥವಾ ಶಾಖ ಸಾಲದು. ಪಟ್ಟಿಯೇ ಮಾಯವಾಗಿ ಕಪ್ಪು ಸಿಲಿಕಾನ್ ಕಂಡರೆ ಉಲ್ಟಾ ತಪ್ಪು, ಬೆಸುಗೆ ಐರನ್ ಒಂದೇ ಕಡೆ ಬಹಳ ಹೊತ್ತು ನಿಂತಿದೆ. ಕರಗಿದ ತವರ ಬೆಳ್ಳಿಯನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ, ಆ ಪದರವೋ ಕೆಲವೇ ಮೈಕ್ರಾನ್ ದಪ್ಪ. ಹಾಗೆ ಹೋದ ಜಾಗಕ್ಕೆ ಮತ್ತೆ ಬೆಸುಗೆ ಹಿಡಿಯುವುದಿಲ್ಲ. ಕಾರ್ಖಾನೆಯಲ್ಲಿ ಬೆಳ್ಳಿ ಪೇಸ್ಟನ್ನು 700 ಡಿಗ್ರಿಗೂ ಮೇಲೆ ಸುಟ್ಟು ಸಿಲಿಕಾನ್‌ಗೆ ಕಚ್ಚಿಸಿರುತ್ತಾರೆ, ಮನೆಯಲ್ಲಿ ಅದಾಗದು. ಪಟ್ಟಿ ಉಳಿದಷ್ಟು ಉದ್ದಕ್ಕೆ ಬೆಸೆದು ಬಿಡಿ.

ಮತ್ತೆ ಬೆಸೆಯುವಾಗ ಪಟ್ಟಿಗೆ ಮರಳು ಕಾಗದ ತಾಗಿಸಲೇಬೇಡಿ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ನೋ-ಕ್ಲೀನ್ (ಆಮೇಲೆ ತೊಳೆಯಬೇಕಿಲ್ಲದ) ಫ್ಲಕ್ಸ್ ಪೆನ್ ಒಂದು ಸಲ ಎಳೆಯಿರಿ. ತಗಡಿನ ಕೆಲಸದ ಆಸಿಡ್ ಫ್ಲಕ್ಸ್ ಇವತ್ತು ಚೆನ್ನಾಗಿ ಹಿಡಿಯುತ್ತದೆ, ಆಮೇಲೆ ಗಾಜಿನೊಳಗೆ ಕೂತು ಬೆಳ್ಳಿಯನ್ನು ತಿನ್ನುತ್ತದೆ. ಸೋಲ್ಡರ್ 62/36/2 (ತವರ, ಸೀಸ, ಬೆಳ್ಳಿಯ ಶೇಕಡಾ ಪಾಲು) ಸಿಕ್ಕರೆ ಒಳ್ಳೆಯದು. ಅದರಲ್ಲಿ ಮೊದಲೇ 2% ಬೆಳ್ಳಿ ಇರುವುದರಿಂದ ಪಟ್ಟಿಯ ಬೆಳ್ಳಿ ಕರಗುವುದು ಕಡಿಮೆ. ಐರನ್ 60 ವ್ಯಾಟ್‌ನದ್ದು, 4–5 ಮಿ.ಮೀ. ಅಗಲದ ಚಪ್ಪಟೆ ತುದಿ, 350 ಡಿಗ್ರಿ ಆಸುಪಾಸು. ಒತ್ತಬೇಡಿ, ಐರನ್‌ನ ಭಾರವೇ ಸಾಕು. ಒಂದು ಪಟ್ಟಿಗೆ ಆರೇಳು ಸೆಕೆಂಡ್, ನಿಲ್ಲಿಸದೆ ಎಳೆಯಿರಿ.

ಸೆಲ್ ಕೆಳಗೆ ಏನಿತ್ತು ಅಂತ ನೀವು ಬರೆದಿಲ್ಲ. ಗ್ರಾನೈಟ್ ಅಥವಾ ಕಡಪ ಕಲ್ಲಿನ ಮೇಲೆ ಮಾಡಿದ್ದರೆ ಕಲ್ಲು ಶಾಖವನ್ನೆಲ್ಲ ಹೀರಿರುತ್ತದೆ. ಪ್ಲೈವುಡ್ ಮೇಲೆ ದಪ್ಪ ರಟ್ಟು ಹಾಕಿ. ಹಿಂಬದಿಯಲ್ಲಿ ಬೆಳ್ಳಿ ಪ್ಯಾಡ್‌ಗಳಿಗೆ ಮಾತ್ರ ಬೆಸುಗೆ. ಸುತ್ತಲ ಬೂದು ಅಲ್ಯೂಮಿನಿಯಂಗೆ ಅದು ಅಂಟುವುದಿಲ್ಲ.

ತಣ್ಣಗಾಗುವಾಗ ತಾಮ್ರ ಸಿಲಿಕಾನ್‌ಗಿಂತ ಆರು ಪಟ್ಟು ಹೆಚ್ಚು ಕುಗ್ಗುತ್ತದೆ. ಆದ್ದರಿಂದ ಸೆಲ್‌ಗಳ ನಡುವೆ 3–4 ಮಿ.ಮೀ. ಬಿಟ್ಟು, ಅಲ್ಲಿ ಟ್ಯಾಬ್‌ಗೆ ಸಣ್ಣ ಬಾಗು ಕೊಡಿ. ಬಿಗಿಯಾಗಿ ಎಳೆದು ಕಟ್ಟಿದರೆ ಅಂಚು ಬಿರಿಯುತ್ತದೆ. ಗಾಜಿಗೆ ಅಂಟಿಸುವ ಮುಂಚೆ ಅದೇ 7 ಆಂಪಿಯರ್ ಲೋಡ್ ಹಾಕಿ 36 ಸೆಲ್‌ನ ಓದನ್ನೂ ಬರೆದು ಇಲ್ಲಿ ಹಾಕಿ.